ಎರಡನೇ ಡಿಸ್ಕಿನಲ್ಲಿ ಸತ್ತವನು ಮೂರನೇದರಲ್ಲಿ ಬಂದ: ‘ಪಲ್ಪ್ ಫಿಕ್ಷನ್’ ಕಥೆಯ ಗಂಟು

ಮೂರನೇ ಡಿಸ್ಕ್ ಹಾಕಿದ ತಕ್ಷಣ ನಮ್ಮ ಹಾಸ್ಟೆಲ್ ರೂಮಿನಲ್ಲಿ ಜಗಳ ಶುರುವಾಯಿತು. ಆಗಿನ ಕಾಲಕ್ಕೆ ಸಿನಿಮಾ ಅಂದರೆ ವಿಸಿಡಿ. ಸ್ವಲ್ಪ ಉದ್ದದ ಸಿನಿಮಾ ಆದರೆ ಎರಡೋ ಮೂರೋ ಡಿಸ್ಕ್. ಎರಡನೇ ಡಿಸ್ಕಿನಲ್ಲಿ ಜಾನ್ ಟ್ರವೋಲ್ಟಾ ಮಾಡಿದ ಪಾತ್ರ ಸತ್ತುಹೋಗಿತ್ತು. ನಮ್ಮ ಕಣ್ಣೆದುರೇ, ಬಾತ್‌ರೂಮ್ ಬಾಗಿಲಲ್ಲಿ, ಗುಂಡು ತಿಂದು. ಮೂರನೇದು ಹಾಕಿದರೆ ಅದೇ ಮನುಷ್ಯ ಕರಿ ಸೂಟು ತೊಟ್ಟು ಆರಾಮಾಗಿ ನಿಂತಿದ್ದಾನೆ.

“ಏ, ಡಿಸ್ಕ್ ಅದಲು ಬದಲು ಮಾಡಿದೀಯ ಕಣೋ” ಅಂತ ಒಬ್ಬ. “ಇಲ್ಲ ಮಾರಾಯ, ಮೇಲೆ ಮೂರು ಅಂತ ಬರೆದಿದೆ ನೋಡು” ಅಂತ ತಂದವನು. ಹೊರಗೆ ತೆಗೆದೆವು. ಬನಿಯನ್ನಿನಿಂದ ಒರೆಸಿ ಮತ್ತೆ ಹಾಕಿದೆವು. ಅವನು ಮತ್ತೆ ಬದುಕಿಯೇ ಇದ್ದ. ಯಾರೋ ಕಾಪಿ ಮಾಡುವಾಗ ತಪ್ಪಾಗಿದೆ ಅಂತ ತೀರ್ಮಾನಿಸಿ, ಬೈದುಕೊಂಡೇ ಸಿನಿಮಾ ಮುಗಿಸಿದೆವು.

ಡಿಸ್ಕ್ ಸರಿಯಾಗಿಯೇ ಇತ್ತು. ಅದು ಕ್ವೆಂಟಿನ್ ಟ್ಯಾರಂಟಿನೊ ನಿರ್ದೇಶನದ, 1994ರ ‘ಪಲ್ಪ್ ಫಿಕ್ಷನ್’. ಮೂವತ್ತು ವರ್ಷ ದಾಟಿದರೂ ಕಲ್ಟ್ ಕ್ರೈಮ್ ಸಿನಿಮಾಗಳ ಮಾತು ಬಂದಾಗ ಇದರ ಹೆಸರು ಬಂದೇ ಬರುತ್ತದೆ. “ಕಥೆಯನ್ನು ಹಿಂದೆ ಮುಂದೆ ಮಾಡಿ ಹೇಳಿದ್ದಾರೆ” ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಹಾಗೆ ಮಾಡಿದರು ಅಂತ ಕೇಳಿದರೆ “ಸುಮ್ನೆ, ಸ್ಟೈಲಿಗೆ” ಅನ್ನುವ ಉತ್ತರವೇ ಜಾಸ್ತಿ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ನಾಲ್ಕೈದು ಸಲ ನೋಡಿದ ಮೇಲೆ ಗೊತ್ತಾಯಿತು, ಈ ಸಿನಿಮಾದ ಪ್ರಾಣ ಇರುವುದೇ ಆ ಅದಲು ಬದಲಿನಲ್ಲಿ.

ಇನ್ನೂ ನೋಡದಿದ್ದರೆ ಇಲ್ಲೇ ನಿಲ್ಲಿಸಿ, ನೋಡಿ ಬನ್ನಿ. ಮುಂದೆ ನಾನು ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆ. ಮತ್ತೆ, ಮನೆಯವರೆಲ್ಲ ಕೂತು ನೋಡುವ ಸಿನಿಮಾ ಅಲ್ಲ ಇದು. ರಕ್ತ ಇದೆ, ಡ್ರಗ್ಸ್ ಇದೆ, ಲೈಂಗಿಕ ಹಿಂಸೆಯ ದೃಶ್ಯ ಇದೆ, ಬೈಗುಳಕ್ಕಂತೂ ಲೆಕ್ಕವೇ ಇಲ್ಲ.

ಮೊದಲು ಕಥೆಯನ್ನು ನೇರ ಮಾಡೋಣ

ಊರು ಲಾಸ್ ಏಂಜಲಿಸ್. ಮಾರ್ಸೆಲಸ್ ಅಂತ ಒಬ್ಬ ಡಾನ್. ಅವನ ಕೈಕೆಳಗೆ ಕೊಲೆ ಕೆಲಸ ಮಾಡುವ ಇಬ್ಬರು, ವಿನ್ಸೆಂಟ್ ಮತ್ತು ಜೂಲ್ಸ್. ವಿನ್ಸೆಂಟ್ ಆಗಿ ಟ್ರವೋಲ್ಟಾ, ಜೂಲ್ಸ್ ಆಗಿ ಸ್ಯಾಮ್ಯುಯೆಲ್ ಎಲ್. ಜಾಕ್ಸನ್. ಡಾನ್‌ನ ಹೆಂಡತಿ ಮಿಯಾ ಪಾತ್ರಕ್ಕೆ ಉಮಾ ಥರ್ಮನ್. ಈ ಉಮಾ ಅನ್ನುವ ಹೆಸರು ಆಕಸ್ಮಿಕ ಅಲ್ಲ. ಅವರ ತಂದೆ ಬೌದ್ಧ ಧರ್ಮದ ದೊಡ್ಡ ವಿದ್ವಾಂಸರು, ಮಗಳಿಗೆ ಬೇಕಂತಲೇ ಈ ಕಡೆಯ ಹೆಸರಿಟ್ಟರು. ಇನ್ನೊಬ್ಬ ಬುಚ್, ವಯಸ್ಸಾಗುತ್ತಿರುವ ಬಾಕ್ಸರ್, ಬ್ರೂಸ್ ವಿಲ್ಲಿಸ್.

ಗಡಿಯಾರದ ಪ್ರಕಾರ ನಡೆದದ್ದು ಹೀಗೆ. ಒಂದು ಬೆಳಗ್ಗೆ ವಿನ್ಸೆಂಟ್ ಮತ್ತು ಜೂಲ್ಸ್ ಕೆಲವು ಹುಡುಗರ ಮನೆಗೆ ಹೋಗಿ ತಮ್ಮ ಬಾಸ್‌ನ ಸೂಟ್‌ಕೇಸ್ ವಾಪಸ್ ಪಡೆಯುತ್ತಾರೆ, ಹುಡುಗರನ್ನು ಕೊಲ್ಲುತ್ತಾರೆ. ಒಳಗೆ ಬಚ್ಚಿಟ್ಟುಕೊಂಡಿದ್ದ ಇನ್ನೊಬ್ಬ ಹುಡುಗ ಹೊರಗೆ ನುಗ್ಗಿ ಎದುರಿಗೇ ನಿಂತು ಆರು ಗುಂಡು ಹಾರಿಸುತ್ತಾನೆ. ಒಂದೂ ತಗಲುವುದಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ವಿನ್ಸೆಂಟ್ ಕೈಯಿಂದ ಆಕಸ್ಮಿಕವಾಗಿ ಗುಂಡು ಹಾರಿ ಹಿಂದಿನ ಸೀಟಿನಲ್ಲಿದ್ದ, ಆ ಮನೆಯಿಂದ ಜೊತೆಗೆ ಕರೆತಂದಿದ್ದ ಮಾರ್ವಿನ್ ಸಾಯುತ್ತಾನೆ. ಒಬ್ಬ ಗೆಳೆಯನ ಮನೆಯಲ್ಲಿ ಕಾರು ನಿಲ್ಲಿಸಿ ರಕ್ತ ತೊಳೆಯುತ್ತಾರೆ. ಆಮೇಲೆ ತಿಂಡಿಗೆ ಅಂತ ಹೋಟೆಲಿಗೆ ಹೋದರೆ ಅಲ್ಲಿ ಒಂದು ಜೋಡಿ ದರೋಡೆಗೆ ಇಳಿಯುತ್ತದೆ. ಜೂಲ್ಸ್ ಅವರನ್ನು ಕೊಲ್ಲದೆ ಬಿಡುತ್ತಾನೆ. ಇದೆಲ್ಲ ಒಂದೇ ಬೆಳಗಿನ ಕಥೆ.

ಅಲ್ಲಿಂದ ಇಬ್ಬರೂ ಬಾಸ್ ಇರುವ ಬಾರ್‌ಗೆ ಹೋಗುತ್ತಾರೆ. ಆಮೇಲೊಂದು ರಾತ್ರಿ ವಿನ್ಸೆಂಟ್ ಬಾಸ್‌ನ ಹೆಂಡತಿಯನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನೆ. ಅವಳು ಡ್ರಗ್ಸ್ ಎಡವಟ್ಟಿನಿಂದ ಸಾಯುವ ಹಾಗಾಗಿ, ಹೇಗೋ ಬದುಕುತ್ತಾಳೆ. ನಂತರ ಬುಚ್‌ನ ಪಂದ್ಯ. ದುಡ್ಡು ತೆಗೆದುಕೊಂಡು ಸೋಲಬೇಕಿದ್ದವನು ಡಾನ್‌ಗೆ ಕೈಕೊಟ್ಟು ಗೆಲ್ಲುತ್ತಾನೆ. ತಪ್ಪಿಸಿಕೊಳ್ಳುವ ಮೊದಲು, ಮರೆತು ಬಂದ ಅಪ್ಪನ ಚಿನ್ನದ ವಾಚಿಗಾಗಿ ಮನೆಗೆ ವಾಪಸ್ ಹೋಗುತ್ತಾನೆ. ಅಲ್ಲಿ ವಿನ್ಸೆಂಟ್‌ನನ್ನು ಕೊಲ್ಲುತ್ತಾನೆ. ಡಾನ್ ಜೊತೆ ಬಡಿದಾಡುತ್ತಾ ಇಬ್ಬರೂ ಒಂದು ಭಯಾನಕ ನೆಲಮಾಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಬುಚ್ ಡಾನ್‌ನನ್ನೇ ಕಾಪಾಡಿ, ಗೆಳತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಊರು ಬಿಡುತ್ತಾನೆ.

ಹೀಗೆ ಹೇಳಿದರೆ ಇದೊಂದು ಪರವಾಗಿಲ್ಲ ಅನ್ನಿಸುವ ಗ್ಯಾಂಗ್‌ಸ್ಟರ್ ಕಥೆ. ಕೊನೆಗೆ ಬಾಕ್ಸರ್ ಗೆದ್ದ, ಶುಭಂ.

ಪರದೆ ಮೇಲೆ ಬರುವುದು ಹೀಗಲ್ಲ. ಮೊದಲು ಹೋಟೆಲ್ ದರೋಡೆಯ ಶುರು, ಅಲ್ಲಿಗೇ ಕಟ್. ಆಮೇಲೆ ವಿನ್ಸೆಂಟ್-ಜೂಲ್ಸ್ ಹುಡುಗರ ಮನೆಗೆ ಹೋಗುವುದು, ಅದೂ ಅರ್ಧಕ್ಕೇ ಕಟ್. ನಂತರ ಮಿಯಾ ಜೊತೆಗಿನ ರಾತ್ರಿ. ನಂತರ ಬುಚ್‌ನ ಕಥೆ, ಅದರ ನಡುವೆ ವಿನ್ಸೆಂಟ್ ಸಾವು. ಆಮೇಲೆ ವಾಪಸ್ ಅದೇ ಬೆಳಗ್ಗೆಗೆ ಬಂದು ಅರ್ಧಕ್ಕೆ ಬಿಟ್ಟದ್ದನ್ನು ಮುಂದುವರಿಸಿ, ಕೊನೆಗೆ ಅದೇ ಹೋಟೆಲಿನಲ್ಲಿ ಮುಗಿಯುತ್ತದೆ. 154 ನಿಮಿಷದ ಸಿನಿಮಾ ಶುರುವಾದ ಜಾಗಕ್ಕೇ ಬಂದು ನಿಲ್ಲುತ್ತದೆ.

ಇದನ್ನು ಫ್ಲ್ಯಾಶ್‌ಬ್ಯಾಕ್ ಅನ್ನಬೇಡಿ. ಫ್ಲ್ಯಾಶ್‌ಬ್ಯಾಕ್ ಅಂದರೆ ಒಬ್ಬ ಪಾತ್ರ ಹಳೆಯದನ್ನು ನೆನೆಸಿಕೊಳ್ಳಬೇಕು. ಬುಚ್‌ನ ಬಾಲ್ಯದ ಒಂದು ಕನಸು ಬಿಟ್ಟರೆ ಇಲ್ಲಿ ಯಾರೂ ಏನೂ ನೆನೆಸಿಕೊಳ್ಳುವುದಿಲ್ಲ. ಕಥೆ ಹೇಳುವವನೇ ಅಧ್ಯಾಯಗಳನ್ನು ತನಗೆ ಬೇಕಾದ ಹಾಗೆ ಜೋಡಿಸಿದ್ದಾನೆ. ಕಾದಂಬರಿ ಬರೆಯುವವರು ಇದನ್ನು ಮೊದಲಿನಿಂದಲೂ ಮಾಡುತ್ತಾರೆ, ಅವರನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಸ್ವಾತಂತ್ರ್ಯ ಸಿನಿಮಾಕ್ಕೂ ಇರಲಿ ಅನ್ನುವುದು ಟ್ಯಾರಂಟಿನೊ ವಾದ.

ಟೀ ಶರ್ಟಿನ ಪ್ರಶ್ನೆ

ಒಂದು ಚಿಕ್ಕ ಉದಾಹರಣೆ ನೋಡಿ. ಮೊದಲ ಅರ್ಧ ಗಂಟೆಯೊಳಗೆ ವಿನ್ಸೆಂಟ್ ಮತ್ತು ಜೂಲ್ಸ್ ಬಾರ್‌ಗೆ ಬರುತ್ತಾರೆ. ಸ್ವಲ್ಪ ಮುಂಚೆ ಕರಿ ಸೂಟು, ಕರಿ ಟೈ ಹಾಕಿಕೊಂಡು ಯಮದೂತರ ಹಾಗಿದ್ದವರು. ಈಗ ನೋಡಿದರೆ ಚಡ್ಡಿ, ಹಳೇ ಟೀ ಶರ್ಟ್. ಬೀಚಿಗೆ ಹೊರಟವರ ಹಾಗೆ. ಬಾರ್‌ನವನು ನಕ್ಕು ಬಟ್ಟೆ ಬಗ್ಗೆ ಕೇಳುತ್ತಾನೆ. ಕೇಳಬೇಡ ಬಿಡು ಅನ್ನುವ ಧಾಟಿಯಲ್ಲಿ ವಿನ್ಸೆಂಟ್ ಮಾತು ಮುಗಿಸುತ್ತಾನೆ.

ಮೊದಲ ಸಲ ನೋಡುವಾಗ ನಮಗೆ ಇದು ತಲೆಗೇ ಹೋಗುವುದಿಲ್ಲ. ಉತ್ತರ ಸಿಗುವುದು ಒಂದೂವರೆ ಗಂಟೆಗೂ ಜಾಸ್ತಿ ಆದ ಮೇಲೆ. ಕಾರಿನಲ್ಲಿ ಮಾರ್ವಿನ್ ಸತ್ತು ಸೂಟೆಲ್ಲ ರಕ್ತವಾಗಿ, ಗೆಳೆಯ ಜಿಮ್ಮಿ ತನ್ನ ಹಳೇ ಬಟ್ಟೆ ಕೊಟ್ಟದ್ದು ಅದು. ಜಿಮ್ಮಿ ಪಾತ್ರ ಮಾಡಿದ್ದು ಸ್ವತಃ ಟ್ಯಾರಂಟಿನೊ. ಅಂದರೆ ನಮಗೆ ಮೊದಲು ಪರಿಣಾಮ ತೋರಿಸಿ, ಕಾರಣವನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಉಪೇಂದ್ರ ಅವರ ‘ಎ’ (1998) ಥಿಯೇಟರಿನಲ್ಲಿ ನೋಡಿ ತಲೆ ಕೆರೆದುಕೊಂಡು ಹೊರಬಂದವರಿಗೆ ಈ ಅನುಭವ ಹೊಸದಲ್ಲ. ಆದರೆ ಇಲ್ಲಿ ಉದ್ದೇಶ ನಮ್ಮ ತಲೆ ಕೆಡಿಸುವುದಲ್ಲ.

ಆರು ಗುಂಡು, ಇಬ್ಬರು ಮನುಷ್ಯರು

ಸಿನಿಮಾದ ಬೀಗ ಇರುವುದು ಆ ತಪ್ಪಿಹೋದ ಆರು ಗುಂಡುಗಳಲ್ಲಿ. ಎದುರಿಗೇ ನಿಂತು ಹೊಡೆದದ್ದು ಒಂದೂ ತಗಲಲಿಲ್ಲ. ಜೂಲ್ಸ್ ತಿರುಗಿ ಗೋಡೆ ನೋಡುತ್ತಾನೆ. ಇದು ದೇವರ ಕೈವಾಡ ಅನ್ನುತ್ತಾನೆ. ವಿನ್ಸೆಂಟ್‌ಗೆ ಇದು ಬರೀ ಅದೃಷ್ಟ, ಆಗಾಗ ಹೀಗೂ ಆಗುತ್ತದೆ ಅಷ್ಟೆ. (ಹುಷಾರಾಗಿ ನೋಡಿದರೆ ಹುಡುಗ ಗುಂಡು ಹಾರಿಸುವ ಮುಂಚೆಯೇ ಗೋಡೆಯಲ್ಲಿ ತೂತುಗಳಿವೆ. ಶೂಟಿಂಗ್ ಎಡವಟ್ಟು. ದೇವರು ಅಡ್ವಾನ್ಸಾಗಿ ಕೆಲಸ ಮಾಡಿದ್ದಾನೆ ಅಂತ ನಾವು ನಗುತ್ತಿದ್ದೆವು.)

ಕಾರಿನಲ್ಲೂ ಇದೇ ವಾದ. ದೇವರು ಬಂದು ಗುಂಡು ತಡೆದ ಅಂತ ನಿನಗೂ ಅನ್ನಿಸುತ್ತಾ ಅಂತ ವಿನ್ಸೆಂಟ್ ಹಿಂದಕ್ಕೆ ತಿರುಗಿ ಮಾರ್ವಿನ್‌ನನ್ನು ಕೇಳುತ್ತಾನೆ. ಕೇಳುವಾಗ ಕೈಯಲ್ಲಿ ಪಿಸ್ತೂಲು ಇದೆ, ಬೆರಳು ಟ್ರಿಗರ್ ಮೇಲಿದೆ. ಢಂ. ಪವಾಡದ ಬಗ್ಗೆ ಕೇಳಿದ ಪ್ರಶ್ನೆಯ ನಡುವೆಯೇ ಒಬ್ಬ ಸತ್ತ. ಈ ದೃಶ್ಯಕ್ಕೆ ಜನ ನಗುತ್ತಾರೆ, ಆಮೇಲೆ ನಕ್ಕದ್ದಕ್ಕೆ ನಾಚುತ್ತಾರೆ.

ಹೋಟೆಲಿನಲ್ಲಿ ಮತ್ತೆ ಅದೇ ಮಾತು. ಜೂಲ್ಸ್ ಈ ಕೆಲಸ ಬಿಡುತ್ತೇನೆ, ದೇವರು ದಾರಿ ತೋರಿಸುವ ತನಕ ಊರೂರು ಅಲೆಯುತ್ತೇನೆ ಅನ್ನುತ್ತಾನೆ. ಹಾಗಾದರೆ ನೀನು ಬೀದಿ ಭಿಕಾರಿ ಆಗುತ್ತೀಯ ಅಷ್ಟೆ ಅಂತ ವಿನ್ಸೆಂಟ್ ಹಂಗಿಸುತ್ತಾನೆ. ಹಂಗಿಸಿ ಎದ್ದು ಬಾತ್‌ರೂಮಿಗೆ ಹೋಗುತ್ತಾನೆ.

ಇಲ್ಲಿ ನಿಂತು ಯೋಚಿಸಿ. ಈ ಮಾತು ಆಡುತ್ತಿರುವವನ ಸಾವನ್ನು ನಾವು ಆಗಲೇ ನೋಡಿ ಆಗಿದೆ. ಇನ್ನು ಸ್ವಲ್ಪ ದಿನಕ್ಕೆ ಇವನು ಇನ್ನೊಂದು ಬಾತ್‌ರೂಮಿನಿಂದ ಹೊರಬರುವಾಗ ಸಾಯುತ್ತಾನೆ. ಅದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಒಂದೇ ಗುಂಡಿನ ಸುರಿಮಳೆಯಿಂದ ಇಬ್ಬರೂ ಬದುಕಿದರು. ಒಬ್ಬ ಅದನ್ನು ಎಚ್ಚರಿಕೆ ಅಂತ ತೆಗೆದುಕೊಂಡ, ಇನ್ನೊಬ್ಬ ನಕ್ಕು ತಿಂಡಿ ತಿಂದ. ನೇರವಾಗಿ ಹೇಳಿದ್ದರೆ ಈ ಹೋಟೆಲ್ ಮಾತುಕತೆ ಸಿನಿಮಾದ ನಡುವೆ ಎಲ್ಲೋ ಬಂದು ಹೋಗುತ್ತಿತ್ತು. ಇಬ್ಬರು ರೌಡಿಗಳ ಹರಟೆ ಅಂತ ನಾವು ಮರೆತೂಬಿಡುತ್ತಿದ್ದೆವು. ಸಾವನ್ನು ಮೊದಲು ತೋರಿಸಿದ್ದರಿಂದ ಒಂದೊಂದು ಮಾತಿಗೂ ತೂಕ ಬಂತು.

ನಮಗೆ ಇದು ಅಪರಿಚಿತ ಯುಕ್ತಿ ಏನಲ್ಲ. ಮಹಾಭಾರತದ ಭೀಷ್ಮಪರ್ವ ನೆನಪಿಸಿಕೊಳ್ಳಿ. ಸಂಜಯ ರಣರಂಗದಿಂದ ಓಡಿ ಬಂದು ಧೃತರಾಷ್ಟ್ರನಿಗೆ ಮೊದಲು ಹೇಳುವುದೇ ಭೀಷ್ಮ ಬಿದ್ದ ಅನ್ನುವ ಸುದ್ದಿ. ಹತ್ತನೇ ದಿನದ ಸುದ್ದಿ ಅದು. ಆಮೇಲೆ ಕೂತು ಮೊದಲ ದಿನದಿಂದ ಹೇಳುತ್ತಾನೆ. ಭಗವದ್ಗೀತೆಯೂ ಬರುವುದು ಹೀಗೆ ಹಿಂದಿರುಗಿ ಹೇಳುವ ಕಥೆಯೊಳಗೇ. ಭೀಷ್ಮ ಬಿದ್ದಾಗಿದೆ ಅಂತ ಗೊತ್ತಿದ್ದೇ ಆ ಮುದುಕ ರಾಜ ಒಂಬತ್ತು ದಿನದ ಗೆಲುವುಗಳನ್ನು ಕೇಳುತ್ತಾನೆ. ಆ ಗೆಲುವು ಎಷ್ಟು ಕಹಿ ಅಲ್ವಾ? ಹೋಟೆಲಿನಲ್ಲಿ ವಿನ್ಸೆಂಟ್ ನಗುವಾಗ ನಮಗೂ ಅದೇ ಕಹಿ.

ಇನ್ನೂ ಒಂದು ಎಳೆ ಇದೆ. ಬುಚ್ ವಾಚಿಗಾಗಿ ಮನೆಗೆ ಬಂದಾಗ ಅಡುಗೆಮನೆ ಕಟ್ಟೆ ಮೇಲೆ ಒಂದು ಮೆಷಿನ್ ಪಿಸ್ತೂಲು ಅನಾಥವಾಗಿ ಬಿದ್ದಿರುತ್ತದೆ. ಅದನ್ನು ಎತ್ತಿಕೊಳ್ಳುತ್ತಾನೆ. ಅಷ್ಟರಲ್ಲಿ ಫ್ಲಶ್ ಸದ್ದು. ವಿನ್ಸೆಂಟ್ ಕೈಯಲ್ಲೊಂದು ಕಾದಂಬರಿ ಹಿಡಿದು ಬಾಗಿಲು ತೆರೆಯುತ್ತಾನೆ. ಇಬ್ಬರೂ ಬೊಂಬೆಗಳ ಹಾಗೆ ನಿಲ್ಲುತ್ತಾರೆ. ಟೋಸ್ಟರಿನಿಂದ ತಿಂಡಿ ಟಪ್ ಅಂತ ಮೇಲಕ್ಕೆ ಹಾರುತ್ತದೆ. ಆ ಸದ್ದಿಗೆ ಬೆರಳು ಅದುಮುತ್ತದೆ. ಮುಗಿಯಿತು. ಹೀರೋ ಅಂದುಕೊಂಡವನಿಗೆ ಕೊನೆಯ ಡೈಲಾಗೂ ಇಲ್ಲ.

ಅಷ್ಟು ಪಳಗಿದ ಕೊಲೆಗಾರ ಗನ್ ಹೊರಗೆ ಬಿಟ್ಟು ಒಳಗೆ ಹೋಗುತ್ತಾನಾ? ಸ್ವಲ್ಪ ಹೊತ್ತಿನಲ್ಲೇ ಡಾನ್ ಮಾರ್ಸೆಲಸ್ ಕಾಫಿ ಹಿಡಿದುಕೊಂಡು ರಸ್ತೆ ದಾಟುತ್ತಿರುವುದು ಕಾಣುತ್ತದೆ. ಅಂದರೆ ಕಾಯುತ್ತಿದ್ದವರು ಇಬ್ಬರು. ಗನ್ ಬಾಸ್‌ನದ್ದೇ ಇರಬೇಕು ಅನ್ನುವುದು ನನ್ನ ಲೆಕ್ಕ. ಬಾಸ್ ಯಾಕೆ ಸ್ವತಃ ಬಂದ? ಜೂಲ್ಸ್ ಕೆಲಸ ಬಿಟ್ಟಿದ್ದಾನೆ. ವಿನ್ಸೆಂಟ್‌ಗೆ ಜೊತೆಗಾರ ಇಲ್ಲ. ಜೂಲ್ಸ್ ತಾನು ಬದುಕಿಕೊಂಡ, ಅವನ ಖಾಲಿ ಜಾಗ ವಿನ್ಸೆಂಟ್‌ನನ್ನು ಕೊಂದಿತು. ಸಿನಿಮಾ ಇದನ್ನು ಒಂದು ಮಾತಲ್ಲೂ ಹೇಳುವುದಿಲ್ಲ. ಜೋಡಿಸಿಕೊಳ್ಳುವ ಕೆಲಸ ನಮ್ಮದು.

ಅಂದಹಾಗೆ ಬಾತ್‌ರೂಮ್ ವಿಷಯ. ವಿನ್ಸೆಂಟ್ ಒಳಗೆ ಹೋದಾಗಲೆಲ್ಲ ಹೊರಗೆ ಅನಾಹುತ ಆಗುತ್ತದೆ. ಮಿಯಾ ಮನೆಯಲ್ಲಿ ಅವನು ಕನ್ನಡಿ ಮುಂದೆ ನಿಂತು ತನಗೆ ತಾನೇ ನಿಯತ್ತಿನ ಪಾಠ ಹೇಳಿಕೊಳ್ಳುವಾಗ, ಹೊರಗೆ ಅವಳು ಅವನ ಕೋಟಿನ ಜೇಬಿನಲ್ಲಿದ್ದ ಹೆರಾಯಿನ್ನನ್ನು ಕೊಕೇನ್ ಅಂದುಕೊಂಡು ಮೂಗಿಗೆ ಏರಿಸುತ್ತಾಳೆ. ಹೋಟೆಲಿನಲ್ಲಿ ದರೋಡೆ. ಬುಚ್ ಮನೆಯಲ್ಲಿ ಸಾವು.

ಚೌಕಿಯಲ್ಲಿ ಕೂತ ರಾಕ್ಷಸರು

ಇನ್ನು ಮಾತು. ಈ ಸಿನಿಮಾದಿಂದ ಜಗತ್ತು ಕಲಿತದ್ದರಲ್ಲಿ ಅರ್ಧ ಇದರ ಹರಟೆ. ಕೊಲೆ ಮಾಡಲು ಹೊರಟವರು ಕಾರಿನಲ್ಲಿ ಮಾತಾಡುವುದು ಏನನ್ನು? ಯುರೋಪಿನಲ್ಲಿ ಬರ್ಗರಿಗೆ ಏನಂತ ಹೆಸರು ಅಂತ. ಲಿಫ್ಟ್ ಹತ್ತಿ ಮಹಡಿಗೆ ಬಂದ ಮೇಲೂ ಮುಗಿಯುವುದಿಲ್ಲ. ಇನ್ನೊಬ್ಬನ ಹೆಂಡತಿಯ ಕಾಲು ಒತ್ತಿದರೆ ತಪ್ಪಾ ಅಲ್ಲವಾ ಅನ್ನುವ ಚರ್ಚೆ. ಬಾಗಿಲ ಹತ್ತಿರ ಬಂದು ಗಂಟೆ ನೋಡಿದರೆ ಬೆಳಗ್ಗೆ 7:22. ಇನ್ನೂ ಟೈಮ್ ಆಗಿಲ್ಲ ಅಂತ ಕಾರಿಡಾರಿನ ಆ ತುದಿಗೆ ಹೋಗಿ ಮತ್ತೆ ಅದನ್ನೇ ಮುಂದುವರಿಸುತ್ತಾರೆ. ಕ್ಯಾಮೆರಾ ಅವರ ಹಿಂದೆ ಹೋಗುವುದೂ ಇಲ್ಲ. ಆ ಬಾಗಿಲ ಪಕ್ಕದಲ್ಲೇ ನಿಂತು ಇವರಿಗಾಗಿ ಕಾಯುತ್ತದೆ. ಒಳಗೆ ಸಾಯಲಿರುವ ಹುಡುಗರು, ಹೊರಗೆ ಕಾಲು ಒತ್ತುವ ತರ್ಕ. ಹಿನ್ನೆಲೆ ಸಂಗೀತ ಇಲ್ಲದೆ ಇಷ್ಟು ಎದೆ ಡವಗುಟ್ಟಿಸುವುದು ಸುಲಭವಲ್ಲ.

ಮಾತು ಮುಗಿಸಿ ಜೂಲ್ಸ್ ಒಂದು ಮಾತು ಹೇಳುತ್ತಾನೆ: ಬಾ, ಪಾತ್ರದೊಳಗೆ ಹೋಗೋಣ. ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಬಣ್ಣ ಹಚ್ಚಿಕೊಂಡ ಮಹಿಷಾಸುರ ಎಲೆಅಡಿಕೆ ಮೆಲ್ಲುತ್ತಾ ನಾಳೆಯ ಬಸ್ಸಿನ ವಿಚಾರ ಮಾತಾಡುತ್ತಿರುತ್ತಾನೆ. ಕರೆ ಬಂದ ತಕ್ಷಣ ಎದ್ದು ಹೋಗಿ ರಂಗದಲ್ಲಿ ಅಬ್ಬರಿಸುತ್ತಾನೆ. ಜೂಲ್ಸ್ ಒಳಗೆ ಹೋಗಿ ಬೈಬಲ್ ಶ್ಲೋಕ ಹೇಳಿ ಗುಂಡು ಹಾರಿಸುವುದೂ ಒಂದು ವೇಷವೇ. ಆ ಶ್ಲೋಕದ ಬಹುಪಾಲು ಬೈಬಲ್ಲಿನಲ್ಲಿ ಇಲ್ಲ ಕೂಡ. ಸನ್ನಿ ಚಿಬಾ ನಟಿಸಿದ ಒಂದು ಜಪಾನಿ ಕರಾಟೆ ಸಿನಿಮಾದ ಅಮೆರಿಕನ್ ಆವೃತ್ತಿಯಿಂದ ಎತ್ತಿದ್ದು.

ಕೊನೆಯ ಹೋಟೆಲ್ ದೃಶ್ಯದಲ್ಲಿ ಜೂಲ್ಸ್ ಅದೇ ಶ್ಲೋಕ ಮತ್ತೆ ಹೇಳುತ್ತಾನೆ, ಈ ಸಲ ಮೆಲ್ಲಗೆ. ಇಷ್ಟು ದಿನ ಇದನ್ನು ಸುಮ್ನೆ ಗತ್ತಿಗೆ ಹೇಳುತ್ತಿದ್ದೆ, ಅರ್ಥ ಯೋಚಿಸಿಯೇ ಇರಲಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಎದುರಿಗೆ ಕೂತ ದರೋಡೆಕೋರನಿಗೆ ತನ್ನ ಪರ್ಸಿನಲ್ಲಿದ್ದ 1500 ಡಾಲರ್ ಕೊಟ್ಟು, ನಿನ್ನ ಪ್ರಾಣವನ್ನು ನಾನು ಕೊಂಡುಕೊಂಡೆ ಅನ್ನುತ್ತಾನೆ. ವೇಷ ಕಳಚಿದ ಮನುಷ್ಯ ಇವನು. ಹಾಗಾಗಿಯೇ ಸಿನಿಮಾ ಬೈಕ್ ಹತ್ತಿ ಹೋದ ಬುಚ್‌ನೊಂದಿಗೆ ಮುಗಿಯದೆ ಇಲ್ಲಿ ಮುಗಿಯುತ್ತದೆ. ಬುಚ್‌ಗೂ ಪಾಲು ಇದೆ, ಶತ್ರುವನ್ನು ಉಳಿಸಲು ಅವನು ಹಿಂದಕ್ಕೆ ಬಂದವನು. ಆದರೆ ಕೊನೆಯ ಮಾತು ಸಿಕ್ಕಿದ್ದು ಜೂಲ್ಸ್‌ಗೆ.

ಸೂಟ್‌ಕೇಸಿನಲ್ಲಿ ಏನಿತ್ತು ಅಂತ ಜನ ಇವತ್ತಿಗೂ ಕೇಳುತ್ತಾರೆ. ಬೀಗದ ನಂಬರ್ 666, ತೆರೆದರೆ ಹೊಂಬಣ್ಣದ ಬೆಳಕು. ಡಾನ್‌ನ ಆತ್ಮ ಅದರೊಳಗಿದೆ ಅಂತ ವಾದ ಮಾಡುವವರಿದ್ದಾರೆ. ಮೊದಲು ವಜ್ರ ಅಂತ ಬರೆದಿದ್ದರು, ಸಪ್ಪೆ ಅನ್ನಿಸಿ ಕೈಬಿಟ್ಟರು. ಒಳಗೆ ಇದ್ದದ್ದು ಒಂದು ಬಲ್ಬು. ನನಗೆ ಈ ಪ್ರಶ್ನೆಯಲ್ಲಿ ಅಷ್ಟು ಆಸಕ್ತಿ ಇಲ್ಲ.

ಹೆಚ್ಚು ಕುತೂಹಲದ್ದು ಸೂಜಿ ಚುಚ್ಚುವ ದೃಶ್ಯ. ಮಿಯಾಳನ್ನು ಉಳಿಸಲು ವಿನ್ಸೆಂಟ್ ಅವಳ ಎದೆಗೆ ಇಂಜೆಕ್ಷನ್ ಬಲವಾಗಿ ಇಳಿಸಬೇಕು. ಈ ಸಿನಿಮಾದಲ್ಲಿ ಜನ ಕಣ್ಣು ಮುಚ್ಚುವುದು ಇಲ್ಲಿಯೇ. ಹತ್ತಿರದಿಂದ ತೋರಿಸುವ ತುಣುಕಿಗೆ ಟ್ರವೋಲ್ಟಾ ಸೂಜಿಯನ್ನು ಎದೆಯಿಂದ ಮೇಲಕ್ಕೆ ಎಳೆದುಕೊಂಡರು, ಆಮೇಲೆ ಫಿಲ್ಮನ್ನು ಉಲ್ಟಾ ಓಡಿಸಿದರು. ಚುಚ್ಚುವ ಕ್ಷಣದಲ್ಲಿ ನಾವು ನೋಡುವುದು ಸುತ್ತ ನಿಂತವರ ಮುಖಗಳನ್ನೇ ಜಾಸ್ತಿ. ಹಿಂಸೆಯ ಸಿನಿಮಾ ಅಂತ ಹೆಸರು ಪಡೆದ ಇದರಲ್ಲಿ ಹಿಂಸೆ ಎಷ್ಟೋ ಸಲ ಚೌಕಟ್ಟಿನ ಹೊರಗೆ ನಡೆಯುತ್ತದೆ. ಈ ಲೆಕ್ಕಾಚಾರದ ಹಿಂದೆ ಇದ್ದವರು ಸಂಕಲನಕಾರ್ತಿ ಸ್ಯಾಲಿ ಮೆಂಕೆ. 2010ರಲ್ಲಿ ತೀರಿಕೊಳ್ಳುವ ತನಕ ಟ್ಯಾರಂಟಿನೊ ಸಿನಿಮಾಗಳನ್ನೆಲ್ಲ ಕತ್ತರಿಸಿ ಜೋಡಿಸಿದ್ದು ಅವರೇ. ಹೆಸರು ಮಾತ್ರ ನಿರ್ದೇಶಕರಿಗೆ ಹೋಯಿತು.

ವಿಡಿಯೊ ಅಂಗಡಿಯಿಂದ ಕಾನ್ ತನಕ

ಟ್ಯಾರಂಟಿನೊ ಸಿನಿಮಾ ಶಾಲೆಗೆ ಹೋದವರಲ್ಲ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿದ್ದ ‘ವಿಡಿಯೊ ಆರ್ಕೈವ್ಸ್’ ಅನ್ನುವ ಕ್ಯಾಸೆಟ್ ಅಂಗಡಿಯಲ್ಲಿ ಸುಮಾರು ಐದು ವರ್ಷ ಕೆಲಸ ಮಾಡಿದರು. ಸಹಕೆಲಸಗಾರ ರೋಜರ್ ಏವರಿ. ಚಿನ್ನದ ವಾಚಿನ ಕಥೆಯ ಮೂಲ ಏವರಿ ಬರೆದಿಟ್ಟಿದ್ದ ಒಂದು ಸ್ಕ್ರಿಪ್ಟ್. 1992ರಲ್ಲಿ ಮೊದಲ ಸಿನಿಮಾ ‘ರಿಸರ್ವಾಯರ್ ಡಾಗ್ಸ್’ ಹೆಸರು ಮಾಡಿದ ಮೇಲೆ ಟ್ಯಾರಂಟಿನೊ ಆಮ್ಸ್‌ಟರ್‌ಡ್ಯಾಮ್‌ಗೆ ಹೋಗಿ ಕೂತು ಇದನ್ನು ಬರೆದರು. ಬರ್ಗರ್ ಹರಟೆ ಎಲ್ಲಿಂದ ಬಂತು ಅಂತ ಊಹಿಸಬಹುದು.

ಪಲ್ಪ್ ಅಂದರೆ ಮರದ ತಿರುಳಿನಿಂದ ಮಾಡಿದ ಅಗ್ಗದ, ಒರಟು ಕಾಗದ. ಅದರಲ್ಲಿ ಅಚ್ಚಾಗುತ್ತಿದ್ದ ಕೊಲೆ, ಪತ್ತೇದಾರಿ ಕಥೆಗಳೇ ಪಲ್ಪ್ ಫಿಕ್ಷನ್. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ನಡುವೆ ಇಟ್ಟು ಓದಿದ ತಲೆಮಾರಿಗೆ ಆ ಕಾಗದದ ವಾಸನೆ ಗೊತ್ತು. ಸಿನಿಮಾದ ಪೋಸ್ಟರನ್ನೂ ಹಾಗೇ ಮಾಡಿದರು. ಮಂಚದ ಮೇಲೆ ಬೋರಲು ಮಲಗಿ ಸಿಗರೇಟು ಹಿಡಿದ ಮಿಯಾ, ಮೂಲೆಯಲ್ಲಿ ಹತ್ತು ಸೆಂಟ್ಸ್ ಬೆಲೆ. ಕಥೆಗಳೂ ಅಂಥವೇ. ಸೋಲಬೇಕಾದ ಬಾಕ್ಸರ್, ಬಾಸ್ ಹೆಂಡತಿ ಜೊತೆ ಒಂದು ರಾತ್ರಿ. ಸವಕಲು ಕಥೆಗಳನ್ನೇ ಬೇಕಂತ ಆರಿಸಿಕೊಂಡದ್ದು, ಅವು ಎಲ್ಲಿ ದಾರಿ ತಪ್ಪುತ್ತವೆ ಅಂತ ತೋರಿಸಲಿಕ್ಕೆ.

ಖರ್ಚಾದದ್ದು ಸುಮಾರು 80 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಪುಡಿಗಾಸು. ಆಗ ಟ್ರವೋಲ್ಟಾಗೆ ಮಾರ್ಕೆಟ್ ಬಿದ್ದುಹೋಗಿತ್ತು, ತೀರಾ ಕಡಿಮೆ ಸಂಭಾವನೆಗೆ ಒಪ್ಪಿಕೊಂಡರು. 1994ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅಧ್ಯಕ್ಷತೆಯ ತೀರ್ಪುಗಾರರು ಇದಕ್ಕೇ ದೊಡ್ಡ ಪ್ರಶಸ್ತಿ ಪಾಮ್ ದೋರ್ ಕೊಟ್ಟರು. ಸಭೆಯಲ್ಲಿ ಒಬ್ಬ ಮಹಿಳೆ ಕೂಗಿ ಪ್ರತಿಭಟಿಸಿದರು, ಟ್ಯಾರಂಟಿನೊ ವೇದಿಕೆಯಿಂದಲೇ ಮಧ್ಯದ ಬೆರಳು ತೋರಿಸಿದರು. ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆ. ಅಲ್ಲೊಂದರಲ್ಲೇ 10 ಕೋಟಿ ಡಾಲರ್ ದಾಟಿತು, ಜಗತ್ತಿನಾದ್ಯಂತ 21 ಕೋಟಿಗೂ ಜಾಸ್ತಿ. ಏಳು ಆಸ್ಕರ್ ನಾಮನಿರ್ದೇಶನ ಬಂದರೂ ಗೆದ್ದದ್ದು ಒಂದೇ, ಮೂಲ ಚಿತ್ರಕಥೆಗೆ, ಟ್ಯಾರಂಟಿನೊ ಮತ್ತು ಏವರಿ ಇಬ್ಬರಿಗೂ. ಅತ್ಯುತ್ತಮ ಚಿತ್ರ ‘ಫಾರೆಸ್ಟ್ ಗಂಪ್’ ಪಾಲಾಯಿತು.

ಆಮೇಲೆ ಏನಾಯಿತು

ಟ್ರವೋಲ್ಟಾ ಮತ್ತೆ ಸ್ಟಾರ್ ಆದರು. ಜಾಕ್ಸನ್ ಮನೆಮಾತಾದರು. ಇದಕ್ಕಾಗಿ ಯಾರೂ ಹೊಸದಾಗಿ ಹಿನ್ನೆಲೆ ಸಂಗೀತ ಮಾಡಿರಲಿಲ್ಲ, ಎಲ್ಲ ಹಳೇ ಹಾಡುಗಳು. ಶುರುವಿನಲ್ಲಿ ಬರುವ ಡಿಕ್ ಡೇಲ್ ಗಿಟಾರ್ 1962ರದ್ದು, ಕಡಲ ಅಲೆಗಳ ಮೇಲೆ ಸರ್ಫಿಂಗ್ ಮಾಡುವವರ ನಡುವೆ ಬೆಳೆದ, ಜನ ಮರೆತಿದ್ದ ಸರ್ಫ್ ಸಂಗೀತ. ಸಿನಿಮಾ ಬಂದ ಮೇಲೆ ಅದು ಜಾಹೀರಾತುಗಳ ತನಕ ಹರಿಯಿತು. ದೊಡ್ಡ ಸ್ಟುಡಿಯೊಗಳಿಗೆ ಸಣ್ಣ ಬಜೆಟ್ಟಿನ ವಿಚಿತ್ರ ಸಿನಿಮಾದಲ್ಲೂ ದುಡ್ಡಿದೆ ಅಂತ ಗೊತ್ತಾಯಿತು. ಲಂಡನ್ನಿನ ಗೋಡೆಯ ಮೇಲೆ ಬ್ಯಾಂಕ್ಸಿ ಎನ್ನುವ ಕಲಾವಿದ ಜೂಲ್ಸ್-ವಿನ್ಸೆಂಟ್ ಚಿತ್ರ ಬರೆದ, ಕೈಯಲ್ಲಿ ಗನ್ ಬದಲು ಬಾಳೆಹಣ್ಣು. 2007ರಲ್ಲಿ ಅಲ್ಲಿನ ಸಾರಿಗೆ ಇಲಾಖೆಯವರು ಅದರ ಮೇಲೆ ಬಣ್ಣ ಬಳಿದುಬಿಟ್ಟರು. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸಿನಿಮಾ ಸೇರಿತು. ಈಗಿನ ಮಕ್ಕಳಿಗೆ ಸಿನಿಮಾ ಗೊತ್ತಿಲ್ಲದಿದ್ದರೂ, ಕೋಟು ಕೈಯಲ್ಲಿ ಹಿಡಿದು ಅತ್ತಿತ್ತ ನೋಡುತ್ತಾ ಕಕ್ಕಾಬಿಕ್ಕಿಯಾದ ವಿನ್ಸೆಂಟ್ ಗೊತ್ತು. ವಾಟ್ಸ್ಯಾಪ್ ಗ್ರೂಪಿನಲ್ಲಿ ದಿನಾ ಓಡಾಡುತ್ತಾನೆ.

ನಕಲುಗಳಂತೂ ಸಾಲು ಸಾಲು. ತೊಂಬತ್ತರ ದಶಕದ ಕೊನೆಯ ತನಕ ಸೂಟು ಹಾಕಿಕೊಂಡು ಉದ್ದುದ್ದ ಮಾತಾಡುವ ಕೊಲೆಗಾರರ ಸಂತೆ. ಕೆಲವು ಚೆನ್ನಾಗಿದ್ದವು, ಗೈ ರಿಚಿಯ ‘ಲಾಕ್, ಸ್ಟಾಕ್...’ (1998) ಥರದ್ದು. ಬಹಳಷ್ಟು ಹರಟೆ ಮತ್ತು ಗನ್ನನ್ನು ಮಾತ್ರ ಎತ್ತಿಕೊಂಡವು. ಅಧ್ಯಾಯಗಳನ್ನು ಯಾವ ಲೆಕ್ಕದಲ್ಲಿ ಜೋಡಿಸಬೇಕು ಅನ್ನುವುದನ್ನು ಎತ್ತಿಕೊಳ್ಳಲಿಲ್ಲ. ಕಥೆಯನ್ನು ಚೂರು ಮಾಡಿದರು, ಮಾಡಿದ್ದಕ್ಕೆ ಕಾರಣ ಇರಲಿಲ್ಲ.

ಕನ್ನಡದಲ್ಲಿ ಇದರ ನೆಂಟನನ್ನು ಹುಡುಕಿದರೆ ನನಗೆ ಸಿಗುವುದು ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014). ಮಲ್ಪೆಯ ಕಡಲು, ಅಷ್ಟಮಿ, ಹುಲಿವೇಷ, ಅಧ್ಯಾಯಗಳಾಗಿ ಒಡೆದ ಒಂದು ಕೊಲೆಯ ಕಥೆ. ಒಬ್ಬೊಬ್ಬರು ಕಂಡದ್ದು ಒಂದೊಂದು ಥರ ಅನ್ನುವ ಐಡಿಯಾ ಜಪಾನಿನ ನಿರ್ದೇಶಕ ಕುರೊಸಾವಾನ ‘ರಾಶೊಮೊನ್’ ಕಡೆಯದು. ಅದರ ಮುಖ್ಯ ಪಾತ್ರ ರಿಚ್ಚಿ ಕಥೆ ಹೇಳುತ್ತಾ ಕೂತು, ಆಮೇಲೆ ಏನೋ ಮಾಡಿಬಿಡುವ ಠೀವಿ ಮಾತ್ರ ಈ ಮನೆತನದ್ದು. ಥಿಯೇಟರಿನಲ್ಲಿ ಓಡಲಿಲ್ಲ. ನಂತರ ಜನ ಹುಡುಕಿ ಹುಡುಕಿ ನೋಡಿದರು, ಅದೂ ಕಲ್ಟ್ ಆಯಿತು. ಅದರ ಮಾತು ಕುಂದಾಪುರ-ಉಡುಪಿ ಕಡೆಯ ಮಾತು, ಅನುವಾದದ ಮಾತಲ್ಲ. ನಕಲಿಗೂ ಕಲಿಕೆಗೂ ಇರುವ ವ್ಯತ್ಯಾಸ ಅಲ್ಲಿದೆ.

ಇಷ್ಟೆಲ್ಲ ಹೊಗಳಿದೆನಲ್ಲ, ಈಗ ನೋಡುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುವುದೂ ಇದೆ. ಬುಚ್ ಮತ್ತು ಅವನ ಗೆಳತಿಯ ಲಾಡ್ಜ್ ದೃಶ್ಯಗಳು ಎಳೆಯುತ್ತವೆ. ಜಿಮ್ಮಿ ಆಗಿ ಟ್ಯಾರಂಟಿನೊ ಕಪ್ಪು ಜನರನ್ನು ಹೀಗಳೆಯುವ ಪದವನ್ನು ಮತ್ತೆ ಮತ್ತೆ ಹೇಳುವುದು ಆಗಲೇ ಹಲವರಿಗೆ ಹಿಡಿಸಿರಲಿಲ್ಲ, ಈಗಂತೂ ಮುಜುಗರ. ನೆಲಮಾಳಿಗೆಯ ಅತ್ಯಾಚಾರವನ್ನು ಕಥೆಯ ತಿರುವಿಗಾಗಿ ಬಳಸಿಕೊಂಡ ರೀತಿಯ ಬಗ್ಗೆ ನನಗೆ ಸಮಾಧಾನ ಇಲ್ಲ. ಇದನ್ನು ಹಂಚಿದ ಮಿರಾಮ್ಯಾಕ್ಸ್ ಕಂಪನಿಯ ಹಾರ್ವಿ ವೈನ್‌ಸ್ಟೀನ್ ಈ ಸಿನಿಮಾದಿಂದಲೇ ಇನ್ನಷ್ಟು ಬಲಿಷ್ಠನಾದ. ಸಿನಿಮಾ ಬಂದ ಸ್ವಲ್ಪ ಸಮಯದಲ್ಲೇ ಲಂಡನ್ನಿನ ಹೋಟೆಲಿನಲ್ಲಿ ಅವನು ತನ್ನ ಮೇಲೆ ಎರಗಿದ್ದ ಅಂತ ಉಮಾ ಥರ್ಮನ್ 2018ರಲ್ಲಿ ಹೇಳಿದರು. 2020ರಲ್ಲಿ ಬೇರೆ ಮಹಿಳೆಯರ ಪ್ರಕರಣದಲ್ಲಿ ನ್ಯೂಯಾರ್ಕಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಆ ತೀರ್ಪು 2024ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು, ಕ್ಯಾಲಿಫೋರ್ನಿಯಾದ ಇನ್ನೊಂದು ಪ್ರಕರಣದ ಶಿಕ್ಷೆ ಬೇರೆ ಇದೆ. ಮಂಚದ ಮೇಲೆ ಮಲಗಿದ ಮಿಯಾಳ ಪೋಸ್ಟರ್ ಈಗ ನೋಡಿದರೆ ಮೊದಲಿನ ಹಾಗೆ ಅನ್ನಿಸುವುದಿಲ್ಲ.

ಹೋದ ತಿಂಗಳು ಮತ್ತೆ ಹಾಕಿಕೊಂಡು ನೋಡಿದೆ. ಮೊದಲ ದೃಶ್ಯವನ್ನು ಎರಡು ಸಲ. ದರೋಡೆ ಮಾಡುವ ಜೋಡಿ ಟೇಬಲ್ಲಿಗೆ ಒರಗಿ ಪಿಸುಪಿಸು ಮಾತಾಡುತ್ತಿದೆ. ಅವರ ಹಿಂದೆ, ಕ್ಯಾಮೆರಾ ಗಮನವೇ ಕೊಡದ ಕಡೆ, ಟೀ ಶರ್ಟ್, ಚಡ್ಡಿಯ ಒಬ್ಬ ದಪ್ಪ ಆಸಾಮಿ ಬಾತ್‌ರೂಮಿನ ಕಡೆ ನಡೆದು ಹೋಗುತ್ತಾನೆ. ವಿನ್ಸೆಂಟ್! ನಾವು ಅವನ ಹೆಸರು ಕೇಳುವ ಮುಂಚೆಯೇ, ಸಿನಿಮಾದ ಟೈಟಲ್ ಬರುವ ಮುಂಚೆಯೇ. ಅಷ್ಟು ವರ್ಷ ನಾನು ಅವನನ್ನು ನೋಡಿಯೇ ಇರಲಿಲ್ಲ.

ಅಲ್ಲೇ ನಿಲ್ಲಿಸಿ ಫೋನಿನಲ್ಲಿ ಫೋಟೊ ತೆಗೆದು, ಅವತ್ತು ಡಿಸ್ಕ್ ತಂದಿದ್ದ ಗೆಳೆಯನಿಗೆ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು. “ನಾನು ಆವತ್ತೇ ಹೇಳಿದ್ನಲ್ಲೋ, ಮೇಲೆ ಮೂರು ಅಂತಾನೇ ಬರೆದಿತ್ತು.”